ಮಂತ್ರಿ ವಿಶಾಲಾಕ್ಷ ಪಂಡಿತರ ಗುಣದೋಷಗಳು

ಶ್ರಾವಕನು ಸಂಜೆಯ ಸಾಮಾಯಿಕದ ವೇಳೆಯಲ್ಲಿ ಆಲೋಚನಾಪಾಠಕ್ಕೆ ಕುಳಿತಾಗ ಆ ದಿನ ತನ್ನಿಂದ ಘಟಿಸಿದ ದೋಷಗಳನ್ನು ಒಂದೊಂದಾಗಿ ನೆನೆದು ಪಶ್ಚಾತ್ತಾಪಪಡುತ್ತಾನೆ. ಕಾಲಡಿಯಲ್ಲಿ ಸಿಲುಕಿದ ಜೀವ, ನಾಲಗೆ ತಪ್ಪಿ ಆಡಿದ ಮಾತು, ಸೋಸದೆ ಬಳಸಿದ ನೀರು, ಇವೆಲ್ಲವೂ ಆತನ ಸ್ಮರಣೆಗೆ ಬರುತ್ತವೆ. ಆದರೆ ಗೆಲುವನ್ನು ಆಲೋಚನೆಗೆ ಒಳಪಡಿಸುವವರು ವಿರಳ. ವ್ಯಾಪಾರದಲ್ಲಿ ಬಂದ ಲಾಭ, ಸಭೆಯಲ್ಲಿ ದೊರೆತ ಮನ್ನಣೆ, ನೋಂಪಿಯ ಉದ್ಯಾಪನೆಯನ್ನು ಊರೇ ಕೊಂಡಾಡುವಂತೆ ನೆರವೇರಿಸಿದ ಸಂತೋಷ, ಇವು ಪುಣ್ಯದ ಲೆಕ್ಕಕ್ಕೆ ಸಂದುಹೋದವೆಂದು ತಿಳಿದು ಮನುಷ್ಯನು ನೆಮ್ಮದಿಯಾಗಿರುತ್ತಾನೆ. ಗೆಲುವಿನ ಒಡಲಲ್ಲಿಯೂ ದೋಷವಿರಬಹುದು. ಹಾಗೆಯೇ ಸೋಲಿನ, ಸಾವಿನ ಕ್ಷಣದಲ್ಲಿಯೂ ಗುಣವೊಂದು ಬೆಳಗಬಹುದು. ಇದಕ್ಕೆ ದೂರದ ಪುರಾಣಗಳಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. ಮುನ್ನೂರು ವರ್ಷಗಳಿಗೂ ಹಿಂದೆ ಯಳಂದೂರಿನಿಂದ ಹೊರಟು ಮೈಸೂರು ರಾಜ್ಯದ ಪ್ರಧಾನ ಪದವಿಗೇರಿದ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರ ಜೀವನವೇ ಇದಕ್ಕೆ ಸಾಕ್ಷಿ.

ಯಳಂದೂರು ಸುವರ್ಣಾವತಿ ನದಿಯ ತೀರದ ಊರು. ಈ ನದಿಯನ್ನು ಜನರು ಹೊನ್ನುಹೊಳೆಯೆಂದೂ ಕರೆಯುತ್ತಾರೆ. ಅದು ಮುಂದೆ ಹರಿದು ಕೊಳ್ಳೇಗಾಲ ಸೀಮೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಊರಿನ ಒಂದು ಮಗ್ಗುಲಿಗೆ ಬಿಳಿಗಿರಿರಂಗನ ಬೆಟ್ಟಸಾಲು. ಕೊಳ್ಳೇಗಾಲವನ್ನು ದಾಟಿ ಮುಂದೆ ಹೋದರೆ ಹನೂರು, ಅಲ್ಲಿಂದಾಚೆಗೆ ಮಲೆ ಮಹದೇಶ್ವರ ಬೆಟ್ಟದ ಕಾಡುಹಾದಿ. ಕೊಳ್ಳೇಗಾಲ ಮತ್ತು ಹನೂರು ಬಹುಕಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿದ್ದು ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ೧೯೯೭ರಿಂದ ಈ ಮೂರೂ ಊರುಗಳು ಚಾಮರಾಜನಗರ ಜಿಲ್ಲೆಯಲ್ಲಿವೆ. ಕೊಳ್ಳೇಗಾಲದ ಒಂದು ಭಾಗಕ್ಕೆ ಇಂದಿಗೂ ಬಸ್ತಿಪುರವೆಂಬ ಹೆಸರಿದೆ. ಆ ಹೆಸರನ್ನು ಕೇಳಿದ ಜೈನರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹದಿನೇಳನೆಯ ಶತಮಾನದ ಯಳಂದೂರು ಹದಿನಾಡಿನ ಅರಸರ ನೆಲೆಯಾಗಿದ್ದು ವಿದ್ಯೆಗೂ ಹೆಸರಾಗಿತ್ತು. ಗೌರೀಶ್ವರ ದೇವಾಲಯದ ಮುಂದಿನ ಬಳೆಮಂಟಪವು ಆ ಅರಸರ ಶಿಲ್ಪಾಭಿರುಚಿಯನ್ನು ಸಾರುತ್ತದೆ. ರಾಜಶೇಖರವಿಳಾಸವನ್ನು ರಚಿಸಿದ ವೀರಶೈವ ಮಹಾಕವಿ ಷಡಕ್ಷರದೇವನಿಗೆ ಈ ಊರಿನೊಡನೆ ನಿಕಟ ಸಂಬಂಧ. ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮ ಇಲ್ಲಿಯವಳು. ಆಕೆಗೆ ಆಶ್ರಯವಿತ್ತ ಮೈಸೂರಿನ ರಾಣಿ ದೇವಾಜಮ್ಮಣ್ಣಿಯವರೂ ಯಳಂದೂರಿನ ಅರಸು ಮನೆತನದಿಂದ ಬಂದವರೇ. ಶೈವ, ವೈಷ್ಣವ, ಜೈನ ವಿದ್ವಾಂಸರು ಒಂದೇ ಹೊಳೆಯ ನೀರನ್ನು ಕುಡಿದು ಬೆಳೆದ ಊರು ಅದು. ಮುಂದೆ ನಡೆದ ದುರಂತವನ್ನು ಓದುವಾಗ ಈ ಮಾತನ್ನು ಮರೆಯಬಾರದು. ಮತಮತಗಳ ಹಗೆಯು ಆ ಮಣ್ಣಿನ ಸ್ವಭಾವವಾಗಿರಲಿಲ್ಲ.

ಮೈಸೂರಿನ ರಾಜಕುಮಾರ ಚಿಕ್ಕದೇವರಾಜರು ೧೬೪೫ರಲ್ಲಿ ಜನಿಸಿದರು. ತಾರುಣ್ಯದಲ್ಲಿ ಅವರು ಯಳಂದೂರಿನಲ್ಲಿದ್ದಾಗ ಆ ಊರಿನ ಜೈನ ಪಂಡಿತರಾದ ವಿಶಾಲಾಕ್ಷರೊಡನೆ ಸ್ನೇಹ ಬೆಳೆಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಆಗ ಪಟ್ಟದಲ್ಲಿದ್ದವರು ದೊಡ್ಡದೇವರಾಜ ಒಡೆಯರು. ಅವರ ಆಳ್ವಿಕೆ ೧೬೫೯ರಿಂದ ೧೬೭೩ರವರೆಗೆ ನಡೆಯಿತು. ಪಟ್ಟಕ್ಕೆ ಹಕ್ಕುಳ್ಳ ಚತುರ ರಾಜಕುಮಾರನು ರಾಜಧಾನಿಯಲ್ಲಿರುವುದು ಆಳುವವರಿಗೆ ಸಮ್ಮತವಾಗಲಿಲ್ಲ. ಚಿಕ್ಕದೇವರಾಜರನ್ನು ಇಂದಿನ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ ಕಾವಲಿನಲ್ಲಿರಿಸಲಾಯಿತು. ಅಧಿಕಾರವಿಲ್ಲದ, ಭವಿಷ್ಯವೂ ನಿಶ್ಚಿತವಿಲ್ಲದ ರಾಜಕುಮಾರನ ಬಳಿ ನಿಲ್ಲುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ವಿಶಾಲಾಕ್ಷ ಪಂಡಿತರು ನಿಂತರು. ಹಂಗಳದ ಸೆರೆವಾಸದ ದಿನಗಳಲ್ಲಿ ಅವರೇ ರಾಜಕುಮಾರನ ಸಂಗಾತಿ.

ಈ ಸಾಹಚರ್ಯವು ಪಂಡಿತರ ಜೀವನದ ಮೊದಲ ಗೆಲುವಿನ ಬೇರು. ಕಷ್ಟಕಾಲದಲ್ಲಿ ಕೈಬಿಡದಿರುವುದು ಶ್ರೇಷ್ಠ ಗುಣವೆಂಬುದು ನಿರ್ವಿವಾದ. ಆದರೆ ಆ ಸ್ನೇಹದೊಡನೆ ಒಂದು ವಾಗ್ದಾನವೂ ಹೆಣೆದುಕೊಂಡಿತ್ತೆಂಬ ಐತಿಹ್ಯವಿದೆ. ಚಿಕ್ಕದೇವರಾಜರು ಒಂದು ದಿನ ಸಿಂಹಾಸನವೇರುವರೆಂದು ಪಂಡಿತರು ನಂಬಿದ್ದರಂತೆ; ಹಾಗಾದಲ್ಲಿ ಪ್ರಧಾನ ಪದವಿಯು ಪಂಡಿತರಿಗೇ ಎಂದು ರಾಜಕುಮಾರರು ಮಾತು ಕೊಟ್ಟಿದ್ದರಂತೆ. ಮುಂದಿನ ಫಲವನ್ನು ಬಯಸಿ ಮಾಡುವ ಧರ್ಮಕಾರ್ಯದಲ್ಲಿ ನಿದಾನವೆಂಬ ಮುಳ್ಳು ಅಡಗಿರುತ್ತದೆಂದು ಆಗಮಜ್ಞರು ಹೇಳುತ್ತಾರೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳನ್ನು ಕಳೆದುಕೊಂಡವನೇ ವ್ರತಿಯೆನಿಸುವನೆಂಬುದು ಉಮಾಸ್ವಾಮಿಗಳ ಅಭಿಪ್ರಾಯ. ಪಂಡಿತರ ಸ್ನೇಹದಲ್ಲಿ ಶುದ್ಧ ಪ್ರೀತಿ ಎಷ್ಟು, ಪದವಿಯ ನಿರೀಕ್ಷೆ ಎಷ್ಟು ಎಂದು ಇಂದು ತೂಗುವುದು ಸಾಧ್ಯವಿಲ್ಲ. ಎರಡೂ ಇದ್ದಿರಬಹುದು. ಮನುಷ್ಯರ ಒಳ್ಳೆಯ ಕೆಲಸಗಳು ಬಹುಮಟ್ಟಿಗೆ ಹಾಗೆಯೇ ಬೆರೆತಿರುತ್ತವೆ.

೧೬೭೩ರಲ್ಲಿ ಚಿಕ್ಕದೇವರಾಜ ಒಡೆಯರು ಪಟ್ಟಾಭಿಷಿಕ್ತರಾದರು. ಕೊಟ್ಟ ಮಾತು ತಪ್ಪಲಿಲ್ಲ. ವಿಶಾಲಾಕ್ಷ ಪಂಡಿತರು ಪ್ರಧಾನರಾದರು. ಅವರೊಡನೆ ತಿರುಮಲಾರ್ಯ, ಷಡಕ್ಷರಯ್ಯ, ಚಿಕ್ಕುಪಾಧ್ಯಾಯ, ಕರಣಿಕ ಲಿಂಗಣ್ಣಯ್ಯ ಇವರು ಸೇರಿ ಐವರ ಮಂತ್ರಿಮಂಡಲವೊಂದು ರೂಪುಗೊಂಡಿತು. ಭಿನ್ನ ಮತಗಳವರು ಒಂದೇ ಆಸ್ಥಾನದಲ್ಲಿ ಕುಳಿತು ರಾಜ್ಯಭಾರವನ್ನು ಹಂಚಿಕೊಂಡ ಕಾಲವದು. ಇವರಲ್ಲಿ ತಿರುಮಲಾರ್ಯರು ಅರಸರ ಬಾಲ್ಯದ ಒಡನಾಡಿ, ಶ್ರೀವೈಷ್ಣವರು, ಮುಂದೆ ಚಿಕದೇವರಾಜವಿಜಯ ಮೊದಲಾದ ಕೃತಿಗಳಿಂದ ಕನ್ನಡ ಸಾಹಿತ್ಯದಲ್ಲಿ ನೆಲೆನಿಂತವರು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಜೈನ ಸಮಾಜದ ದೃಷ್ಟಿಯಲ್ಲಿ ಪಂಡಿತರ ಅಧಿಕಾರಾವಧಿಯ ಅತ್ಯುನ್ನತ ಘಟನೆಯು ೧೬೭೭ರಲ್ಲಿ ಸಂಭವಿಸಿತು. ಆ ವರ್ಷ ಶ್ರವಣಬೆಳಗೊಳದ ಶ್ರೀ ಗೊಮ್ಮಟೇಶ್ವರ ಸ್ವಾಮಿಗೆ ಮಹಾಮಸ್ತಕಾಭಿಷೇಕವು ವಿಶಾಲಾಕ್ಷ ಪಂಡಿತರ ಸ್ವಂತ ವೆಚ್ಚದಲ್ಲಿ ನೆರವೇರಿತೆಂದು ಅನಂತಕವಿಯು ತನ್ನ ಗೊಮ್ಮಟೇಶ್ವರ ಚರಿತೆಯಲ್ಲಿ ಹೇಳಿದ್ದಾನೆ. ಇದಕ್ಕೆ ಮೊದಲು ಕವಿಗಳು ದಾಖಲಿಸಿದ ಅಭಿಷೇಕವು ೧೬೧೨ರದು. ನಡುವೆ ಅರವತ್ತೈದು ವರ್ಷಗಳು. ಆ ನಡುಗಾಲದಲ್ಲಿ ಬೆಳಗೊಳವು ಕಂಡ ಕಷ್ಟ ಸಾಮಾನ್ಯವಾದುದಲ್ಲ. ಕ್ಷೇತ್ರದ ಭೂಮಿಗಳು ಸಾಲಕ್ಕಾಗಿ ಅಡವಾಗಿದ್ದವು. ೧೬೩೪ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಮಧ್ಯೆ ಪ್ರವೇಶಿಸಿ ಅಡವನ್ನು ಬಿಡಿಸಿದ ವಿಷಯವನ್ನು ಬೆಳಗೊಳದ ಶಾಸನವೇ ತಿಳಿಸುತ್ತದೆ. ಹಾಗೆ ಬಡವಾಗಿದ್ದ ಕ್ಷೇತ್ರದಲ್ಲಿ ಯಳಂದೂರಿನ ಒಬ್ಬ ಶ್ರಾವಕನು ಅಟ್ಟಣೆ ಕಟ್ಟಿಸಿ, ಕಲಶಗಳನ್ನು ಏರಿಸಿ, ಐವತ್ತೆಂಟು ಅಡಿಗಳ ಆ ದಿಗಂಬರ ಮೂರ್ತಿಯ ಮೇಲೆ ಹಾಲು, ಎಳನೀರು, ಚಂದನಗಳ ಧಾರೆ ಹರಿಸಿದುದನ್ನು ನೆನೆದರೆ ಯಾವ ಜೈನರ ಮನಸ್ಸು ತಾನೇ ಉಬ್ಬದು? ದಾನಗಳಲ್ಲಿ ಇದು ದೊಡ್ಡ ದಾನ. ಇದನ್ನು ಕುಂದಿಸಿ ಹೇಳುವುದು ಅನ್ಯಾಯವಾದೀತು.

ಆದರೆ ಶ್ರಾವಕನ ದಾನಕ್ಕೆ ಪೂರ್ವಾಚಾರ್ಯರು ಒಂದು ನಿಬಂಧನೆಯನ್ನು ಇಟ್ಟಿದ್ದಾರೆ. ದಾನದ ದ್ರವ್ಯವು ನ್ಯಾಯಾರ್ಜಿತವಾಗಿರಬೇಕು. ಮಂತ್ರಿಯ ಸಂಪತ್ತು ರಾಜ್ಯದ ಸಂಪತ್ತಿನಿಂದ ಬರುವುದು. ರಾಜ್ಯದ ಸಂಪತ್ತು ರೈತನ ಕಣದಿಂದ ಬರುವುದು. ಆ ಕಣದಲ್ಲಿ ಏನು ನಡೆಯುತ್ತಿತ್ತೆಂದು ನೋಡದೆ ಬೆಟ್ಟದ ಮೇಲಿನ ಕಲಶವನ್ನಷ್ಟೇ ನೋಡಿದರೆ ಅರ್ಧ ಮಾತ್ರ ಕಂಡಂತಾಗುತ್ತದೆ.

ಚಿಕ್ಕದೇವರಾಜ ಒಡೆಯರ ವಿಷಯದಲ್ಲಿ ಒಂದು ಪ್ರಸಿದ್ಧ ಕಥೆಯುಂಟು. ವ್ರತೋಪವಾಸಗಳಲ್ಲಿ ಆಸಕ್ತರಾದವರು ಇದನ್ನು ಅವಶ್ಯವಾಗಿ ತಿಳಿದಿರಬೇಕು. ಒಂದೊಂದರಲ್ಲಿ ಸಾವಿರ ವರಹಗಳಿರುವ ಎರಡು ಚೀಲಗಳು ಬೊಕ್ಕಸಕ್ಕೆ ಸೇರುವವರೆಗೆ ಅವರು ಪ್ರತಿದಿನವೂ ಬೆಳಗಿನ ಆಹಾರವನ್ನು ಸ್ವೀಕರಿಸುತ್ತಿರಲಿಲ್ಲವಂತೆ. ಇದನ್ನು ಅವರು ತಪ್ಪದೆ ನಡೆಸಿದ ನಿಯಮವೆಂದೇ ಕರ್ನಲ್ ವಿಲ್ಕ್ಸ್ ಮತ್ತು ಅವರ ನಂತರ ರೈಸ್ ಬರೆದಿದ್ದಾರೆ. ಇಂಥ ಮಿತವ್ಯಯದಿಂದಲೂ ಸಂಗ್ರಹದಿಂದಲೂ ಅರಸರಿಗೆ ನವಕೋಟಿ ನಾರಾಯಣರೆಂಬ ಬಿರುದು ಬಂದಿತು. ದಿನಕ್ಕೆ ೨,೦೦೦ ವರಹದಂತೆ ವರ್ಷಕ್ಕೆ ೭,೩೦,೦೦೦ ವರಹಗಳಾಗುತ್ತವೆ. ೧೬೭೩ರಿಂದ ೧೭೦೪ರವರೆಗಿನ ಮೂವತ್ತೊಂದು ವರ್ಷಗಳ ಆಳ್ವಿಕೆಯುದ್ದಕ್ಕೂ ಒಂದು ದಿನವೂ ಬಿಡದೆ ಕೂಡಿಸಿದರೂ ಎರಡು ಕೋಟಿಗಿಂತ ಸ್ವಲ್ಪ ಹೆಚ್ಚಾದೀತೇ ಹೊರತು ಒಂಬತ್ತು ಕೋಟಿಯಾಗದು. ಆದ್ದರಿಂದ ಬಿರುದು ಹೊಗಳಿಕೆಯ ಮಾತು, ಕರಣಿಕರ ಲೆಕ್ಕವಲ್ಲ. ಆದರೆ ಬೊಕ್ಕಸವು ತುಂಬಿದ್ದುದು ನಿಜ.

ಈ ನಿಯಮದ ಎರಡು ಮುಖಗಳನ್ನು ಗಮನಿಸಬೇಕು. ಆಡಳಿತದ ಕೆಲಸ ಮುಗಿಯುವ ಮೊದಲು ಊಟವನ್ನು ಬಯಸದ ಅರಸನು ವಿಲಾಸಿಯಲ್ಲ. ಇಂದ್ರಿಯಸುಖವನ್ನು ಹಿಂದಕ್ಕಿಟ್ಟು ಕರ್ತವ್ಯವನ್ನು ಮುಂದಕ್ಕಿಟ್ಟ ದೃಢತೆ ಅದರಲ್ಲಿದೆ. ಸೋಮಾರಿತನದಿಂದ ರಾಜ್ಯಗಳು ಹಾಳಾದ ಕಾಲದಲ್ಲಿ ಇದು ಸಣ್ಣ ಗುಣವಲ್ಲ. ಇನ್ನೊಂದು ಮುಖವೆಂದರೆ, ಹಸಿವನ್ನು ಸಹಿಸಿದುದು ಏತಕ್ಕಾಗಿ ಎಂಬ ಪ್ರಶ್ನೆ. ಜೈನಾಗಮದ ಪ್ರಕಾರ ಉಪವಾಸದಲ್ಲಿ ಬಿಡಬೇಕಾದದ್ದು ಆಹಾರವೊಂದೇ ಅಲ್ಲ. ಕಷಾಯಗಳನ್ನೂ ವಿಷಯಗಳನ್ನೂ ಬಿಡಬೇಕು. ಅವನ್ನು ಉಳಿಸಿಕೊಂಡು ಅನ್ನವನ್ನು ಮಾತ್ರ ಬಿಟ್ಟರೆ ಅದು ಲಂಘನವೆನಿಸುತ್ತದೆ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಶ್ರಾವಕನು ಅಂಗಡಿ ಮುಚ್ಚಿ, ಲೆಕ್ಕದ ಪುಸ್ತಕ ಕಟ್ಟಿಟ್ಟು, ಆರಂಭಗಳನ್ನು ತ್ಯಜಿಸಿ ಬಸದಿಯಲ್ಲಿ ಕುಳಿತುಕೊಳ್ಳುವುದು ಈ ಕಾರಣದಿಂದಲೇ. ಹಣದ ಚೀಲವು ಬರುವುದನ್ನು ಕಾಯುತ್ತ ಮಾಡಿದ ಉಪವಾಸದಲ್ಲಿ ಹೊಟ್ಟೆಯು ಖಾಲಿಯಾದಷ್ಟೂ ಪರಿಗ್ರಹದ ಆಸೆಯು ತುಂಬುತ್ತದೆ. ಅರಸರು ಜೈನ ವ್ರತಿಗಳಾಗಿರಲಿಲ್ಲ. ಅವರನ್ನು ಶ್ರಾವಕಾಚಾರದಿಂದ ಅಳೆಯುವುದು ಸಲ್ಲದು. ಆದರೆ ಅವರ ಮಗ್ಗುಲಲ್ಲಿದ್ದ ಮಂತ್ರಿಗಳು ಶ್ರಾವಕಾಚಾರವನ್ನು ಬಲ್ಲ ಪಂಡಿತರು. ಪ್ರತಿದಿನ ಆ ಎರಡು ಚೀಲಗಳು ಸಕಾಲಕ್ಕೆ ಬರುವಂತೆ ನೋಡಿಕೊಳ್ಳುವ ಹೊಣೆಯು ಆಡಳಿತದ ಮೇಲಿತ್ತು. ಆಡಳಿತದ ತಲೆಯಲ್ಲಿದ್ದವರು ಅವರೇ.

ರಾಜ್ಯವು ಆಗ ಯುದ್ಧಗಳಲ್ಲಿ ತೊಡಗಿತ್ತು. ೧೬೮೨ರಲ್ಲಿ ಮೈಸೂರಿನ ಸೇನೆಯು ದೂರದ ತಿರುಚಿರಾಪಳ್ಳಿಯವರೆಗೂ ಹೋಗಿತ್ತು. ಮರಾಠರ ಭಯವೂ ಇತ್ತು. ಸೇನೆಗೆ ಹಣ ಬೇಕು. ಧರ್ಮಶಾಸ್ತ್ರದಂತೆ ರೈತನ ಬೆಳೆಯಲ್ಲಿ ಅರಸನ ಪಾಲು ಆರನೆಯ ಒಂದು ಭಾಗ. ಆ ಷಷ್ಠಭಾಗವನ್ನು ಹೆಚ್ಚಿಸಿದರೆ ಅಧರ್ಮವೆಂಬ ಅಪವಾದ ಬರುತ್ತದೆ. ಆದ್ದರಿಂದ ಪಾಲನ್ನು ಮುಟ್ಟದೆ ಹಲವು ಬಗೆಯ ಚಿಲ್ಲರೆ ತೆರಿಗೆಗಳನ್ನು ವಿಧಿಸಲಾಯಿತೆಂದು ವಿಲ್ಕ್ಸ್ ವಿವರಿಸುತ್ತಾರೆ. ನಿಯಮದ ಅಕ್ಷರವು ಉಳಿಯಿತು, ಅದರ ಉದ್ದೇಶವು ಕೆಟ್ಟಿತು. ವ್ರತಗಳನ್ನು ಆಚರಿಸುವವರಿಗೆ ಈ ಉಪಾಯವು ಅಪರಿಚಿತವೇನಲ್ಲ. ಒಂದು ಹೊತ್ತಿನ ಊಟದ ನಿಯಮ ಹಿಡಿದು ಆ ಒಂದು ಹೊತ್ತಿನಲ್ಲಿಯೇ ಎರಡು ಹೊತ್ತಿನದನ್ನು ಉಂಡು ಮುಗಿಸುವುದೂ ಇದೇ ಜಾತಿಯದು.

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಾಲ್ಕನೆಯದಾದ ಅತಿಭಾರಾರೋಪಣವೆಂದರೆ ಹೊರಲಾರದಷ್ಟು ಹೊರೆಯನ್ನು ಹೇರುವುದು. ಎತ್ತಿನ ಬೆನ್ನಿಗೂ ಆಳಿನ ಬೆನ್ನಿಗೂ ಇದನ್ನು ಅನ್ವಯಿಸಿ ವ್ಯಾಖ್ಯಾನಕಾರರು ವಿವರಿಸುವುದುಂಟು. ತೆರಿಗೆಯೂ ಒಂದು ಹೊರೆಯೇ. ಕೊಲ್ಲದಿದ್ದರೂ, ಹೊಡೆಯದಿದ್ದರೂ, ಹೊರೆಯನ್ನು ಹೆಚ್ಚಿಸಿದ ಮಾತ್ರದಿಂದ ಅಹಿಂಸಾವ್ರತಕ್ಕೆ ಕಳಂಕ ತಗಲುತ್ತದೆಂಬ ಈ ಸೂಕ್ಷ್ಮವು ಮಂತ್ರಿಯಾದವನಿಗೆ ಬೇರೆ ಯಾರಿಗಿಂತಲೂ ಹೆಚ್ಚು ಅಗತ್ಯವಾಗಿತ್ತು.

ರೈತರು ಸಹಿಸದಾದರು. ಊರಬಾಗಿಲ ಮರಗಳಲ್ಲಿ ನೇಗಿಲುಗಳನ್ನು ತಲೆಕೆಳಗಾಗಿ ತೂಗಹಾಕಿದರಂತೆ. ಉಳುವುದಿಲ್ಲವೆಂಬುದರ ಸೂಚನೆ ಅದು. ಹೊಲಗಳನ್ನು ಬಿಟ್ಟು ಗುಂಪು ಗುಂಪಾಗಿ ಸೇರತೊಡಗಿದರು. ಅವರ ಗುರುಗಳಾದ ಜಂಗಮರು ಈ ಪ್ರತಿಭಟನೆಗೆ ಮುಂದಾಳುಗಳಾದರು. ತಮ್ಮ ಶಿಷ್ಯರ ಸಂಕಟದಲ್ಲಿ ಗುರುಗಳು ಜೊತೆಗೆ ನಿಲ್ಲುವುದು ಸಹಜವೇ. ಆದರೆ ಅರಮನೆಯು ಅದನ್ನು ರಾಜದ್ರೋಹವೆಂದು ಬಗೆಯಿತು. ಜೈನ ಮಂತ್ರಿಯು ಸಲಹೆ ಕೊಟ್ಟುದರಿಂದಲೇ ಈ ತೆರಿಗೆಗಳು ಬಂದವೆಂಬ ಭಾವನೆಯು ಜನರಲ್ಲಿ ಹಬ್ಬಿ, ಹಣದ ವಿಷಯವು ಮತದ ಬಣ್ಣ ಪಡೆಯಿತು.

ಮುಂದೆ ನಡೆದುದನ್ನು ವಿಲ್ಕ್ಸ್ ಹೇಳುವ ರೀತಿ ಹೃದಯವಿದ್ರಾವಕವಾಗಿದೆ. ನಂಜನಗೂಡಿನ ದೇವಾಲಯಕ್ಕೆ ಅರಸರು ಜಂಗಮರನ್ನು ಆಹ್ವಾನಿಸಿದರು. ನಾನೂರು ಮಂದಿಯಷ್ಟು ಬಂದರು. ಮರ್ಯಾದೆ ಸ್ವೀಕರಿಸಿ ಹೊರಬಂದವರನ್ನು ಒಬ್ಬೊಬ್ಬರನ್ನಾಗಿ ಕೊಂದು ಗುಂಡಿಯಲ್ಲಿ ಹಾಕಲಾಯಿತು. ಅದೇ ಕಾಲಕ್ಕೆ ಏಳುನೂರಕ್ಕೂ ಹೆಚ್ಚು ಮಠಗಳನ್ನು ನಾಶಮಾಡಲಾಯಿತು. ನೆರೆದ ರೈತರ ಮೇಲೆ ಸೈನ್ಯ ಬಿತ್ತು. ವಿಲ್ಕ್ಸ್ ತಮ್ಮ ಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದುದು ೧೮೧೦ರಲ್ಲಿ, ಅಂದರೆ ಪಂಡಿತರ ಮರಣದ ಮೇಲೆ ನೂರಿಪ್ಪತ್ತನಾಲ್ಕು ವರ್ಷಗಳಾದ ಮೇಲೆ. ಕನಕಗಿರಿಯ ದೇವಚಂದ್ರನು ರಾಜಾವಳೀ ಕಥೆಯನ್ನು ಬರೆದುದು ಇನ್ನೂ ತಡವಾಗಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಇಷ್ಟು ಕಾಲ ಬಾಯಿಂದ ಬಾಯಿಗೆ ಹರಿದ ಕಥೆಯಲ್ಲಿ ಸಂಖ್ಯೆಗಳು ಬೆಳೆದಿರಬಹುದು, ವಿವರಗಳು ಬದಲಾಗಿರಬಹುದು. ಮೈಸೂರಿನ ಇತಿಹಾಸವನ್ನು ವಿಸ್ತಾರವಾಗಿ ಬರೆದ ಹಯವದನರಾಯರೇ ಮೊದಲಾಗಿ ಈಚಿನ ವಿದ್ವಾಂಸರು ಈ ವೃತ್ತಾಂತವನ್ನು ಎಚ್ಚರಿಕೆಯಿಂದ ಪರಿಶೀಲಿಸಬೇಕೆಂಬ ಅಭಿಪ್ರಾಯವುಳ್ಳವರು. ಆದರೆ ರೈತರ ದಂಗೆ ನಡೆಯಿತು, ಅದನ್ನು ಕ್ರೌರ್ಯದಿಂದ ಅಡಗಿಸಲಾಯಿತು ಎಂಬ ನೆನಪು ಈ ನಾಡಿನಲ್ಲಿ ಆಳವಾಗಿ ಉಳಿದಿದೆ. ನಾನೂರಾಗಲಿ ನಾಲ್ವರಾಗಲಿ, ಕರೆಸಿ ಕೊಂದುದು ನಿಜವಾದರೆ ಅಹಿಂಸಾಧರ್ಮದ ಮುಂದೆ ಸಂಖ್ಯೆಯ ಚೌಕಾಸಿ ನಡೆಯುವುದಿಲ್ಲ.

ಇಲ್ಲಿ ಜೈನ ಓದುಗರಿಗೆ ಎರಡು ಸುಲಭ ದಾರಿಗಳು ಕಾಣಿಸುತ್ತವೆ. ಪಂಡಿತರು ಜೈನರು, ಆದ್ದರಿಂದ ಅವರು ಇದರಲ್ಲಿ ಭಾಗಿಯಾಗಿರಲು ಸಾಧ್ಯವೇ ಇಲ್ಲವೆಂದು ಹೇಳಿ ಪುಟ ತಿರುವುವುದು ಒಂದು. ಹಿಂದಿನ ಶತಮಾನಗಳಲ್ಲಿ ಬಸದಿಗಳಿಗೆ ಒದಗಿದ ಹಾನಿಗಳನ್ನು ಎತ್ತಿ ತೋರಿಸಿ ಲೆಕ್ಕ ಸರಿಹೋಯಿತೆನ್ನುವುದು ಇನ್ನೊಂದು. ಎರಡನೆಯದು ಜೈನನ ಬಾಯಲ್ಲಿ ಬರಲೇಬಾರದ ಮಾತು. ಮೊದಲನೆಯದೂ ಒಪ್ಪತಕ್ಕದ್ದಲ್ಲ, ಕುಲದಿಂದ ಯಾರೂ ನಿರ್ದೋಷಿಗಳಾಗುವುದಿಲ್ಲ. ಆಗಮವು ಈ ಪ್ರಶ್ನೆಗೆ ಬೇಕಾದ ಅಳತೆಗೋಲನ್ನು ಬಹು ಹಿಂದೆಯೇ ಕೊಟ್ಟಿದೆ.

ಹಿಂಸೆಯನ್ನು ಆಚಾರ್ಯರು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಮನೆಯ ಕೆಲಸಗಳಲ್ಲಿ ಆಗುವ ಆರಂಭೀ ಹಿಂಸೆ, ಜೀವನೋಪಾಯದಲ್ಲಿ ಆಗುವ ಉದ್ಯೋಗೀ ಹಿಂಸೆ, ಆಕ್ರಮಿಸಿ ಬಂದವರನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆ, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ. ಗೃಹಸ್ಥನು ಮೊದಲ ಮೂರನ್ನು ಪೂರ್ತಿಯಾಗಿ ಬಿಡಲಾರ, ನಾಲ್ಕನೆಯದನ್ನು ಬಿಡಲೇಬೇಕು. ಗಂಗರ ಸೇನಾನಿ ಚಾವುಂಡರಾಯನೂ ಹೊಯ್ಸಳರ ಗಂಗರಾಜನೂ ರಣರಂಗದಲ್ಲಿ ಕತ್ತಿ ಹಿಡಿದೇ ಶ್ರಾವಕರೆನಿಸಿದರು. ಅವರದು ವಿರೋಧೀ ಹಿಂಸೆಯ ಕ್ಷೇತ್ರ. ಆದರೆ ಆಹ್ವಾನವಿತ್ತು ಕರೆಸಿ, ನಿರಾಯುಧರಾಗಿ ಬಂದವರನ್ನು ಕೊಲ್ಲುವುದು ಸಂಕಲ್ಪೀ ಹಿಂಸೆಯಲ್ಲದೆ ಬೇರೇನೂ ಅಲ್ಲ. ರಾಜ್ಯರಕ್ಷಣೆಯ ಹೆಸರು ಅದನ್ನು ಶುದ್ಧಗೊಳಿಸದು.

ಇನ್ನು ಪಾಪದ ಹೊಣೆಯು ಕೃತ, ಕಾರಿತ, ಅನುಮೋದನ ಎಂದು ಮೂರು ತೆರನಾಗಿರುತ್ತದೆ. ತಾನು ಮಾಡಿದುದು, ಇತರರಿಂದ ಮಾಡಿಸಿದುದು, ಮಾಡಿದುದನ್ನು ಒಪ್ಪಿದುದು. ಪಂಡಿತರ ಕೈಯಲ್ಲಿ ಕತ್ತಿಯಿರಲಿಲ್ಲ, ಕೃತದೋಷವು ಅವರದಲ್ಲ. ಅವರು ಸಲಹೆ ನೀಡಿ ಮಾಡಿಸಿದರೇ ಎಂಬುದಕ್ಕೆ ಅವರ ವಿರೋಧಿಗಳ ಸಂದೇಹವೇ ಮುಖ್ಯ ಆಧಾರ. ಸಂದೇಹದ ಮೇಲೆ ಯಾರನ್ನೂ ಕಾರಿತದೋಷಿಯೆನ್ನಲಾಗದು. ಅನುಮೋದನೆಯ ಮಾತು ಬೇರೆ. ಅವರು ಅರಸರ ಕಾರ್ಯವನ್ನು ಪ್ರತಿಭಟಿಸಿ ಅಧಿಕಾರವನ್ನು ತ್ಯಜಿಸಿದರೆಂದು ಯಾವ ಕಥೆಯೂ ಹೇಳುವುದಿಲ್ಲ. ಮರಣದವರೆಗೂ ಪ್ರಧಾನರಾಗಿಯೇ ಉಳಿದರು. ಹಂಗಳದಲ್ಲಿ ಸಂಗಾತಿಯನ್ನು ಬಿಡದೆ ನಿಂತ ಗುಣವೇ ಇಲ್ಲಿ ಅವರನ್ನು ಕಟ್ಟಿಹಾಕಿತೋ ಏನೋ. ಬಿಟ್ಟು ಹೋಗದಿರುವುದು ಸೆರೆಮನೆಯ ಬಾಗಿಲಲ್ಲಿ ಸದ್ಗುಣ; ನಂಜನಗೂಡಿನ ನಂತರದ ಅರಮನೆಯಲ್ಲಿ ಅದೇ ಗುಣವು ದೋಷದ ರೂಪ ತಾಳಿತು.

ಅನರ್ಥದಂಡವಿರತಿಯೆಂಬ ಗುಣವ್ರತದಲ್ಲಿ ಪಾಪೋಪದೇಶವನ್ನು ನಿಷೇಧಿಸಲಾಗಿದೆ. ಜೀವಗಳಿಗೆ ಕ್ಲೇಶವಾಗುವ ಕಾರ್ಯಗಳಿಗೆ ಬುದ್ಧಿ ಹೇಳಿಕೊಡುವುದೇ ಪಾಪೋಪದೇಶ. ಒಕ್ಕಲಿಗನಿಗೆ, ವರ್ತಕನಿಗೆ ಇದು ಅಪರೂಪವಾಗಿ ಎದುರಾಗುವ ಪ್ರಸಂಗ. ಮಂತ್ರಿಗಾದರೋ ಉಪದೇಶವೇ ವೃತ್ತಿ. ಬೆಳಗಿನಿಂದ ರಾತ್ರಿಯವರೆಗೆ ಅವನ ಬಾಯಿಂದ ಬರುವ ಪ್ರತಿಯೊಂದು ಮಾತೂ ಸಾವಿರಾರು ಜನರ ಒಲೆಯ ಮೇಲೆ ಪರಿಣಾಮ ಮಾಡುತ್ತದೆ. ಮೈಸೂರಿನ ಕಾರ್ಯಾಲಯದಲ್ಲಿ ಹೇಳಿದ ಒಂದು ತೆರಿಗೆಯ ಹೆಸರು ಕಪಿಲೆಯ ದಡದಲ್ಲಿ ಹೆಣಗಳಾಗಿ ಬೀಳುವುದೆಂದು ಹೇಳಿದವನು ಊಹಿಸಿರಲಾರ. ಊಹಿಸದಿದ್ದುದರಿಂದ ದೋಷವು ಹಗುರವಾಗಬಹುದು, ಇಲ್ಲವಾಗುವುದಿಲ್ಲ. ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ಹೇಳಿದುದು ಇಂಥ ಸಂದರ್ಭಗಳಿಗಾಗಿಯೇ.

೧೬೮೬ರಲ್ಲಿ, ಅಧಿಕಾರಕ್ಕೆ ಬಂದ ಹದಿನಾಲ್ಕನೆಯ ವರ್ಷದಲ್ಲಿ, ವಿಶಾಲಾಕ್ಷ ಪಂಡಿತರು ಘಾತಕರ ಕೈಗೆ ಸಿಕ್ಕಿ ಮಾರಣಾಂತಿಕವಾಗಿ ಗಾಯಗೊಂಡರು. ನಂಜನಗೂಡಿನ ಕೃತ್ಯಕ್ಕೆ ಅವರೇ ಕಾರಣರೆಂದು ನಂಬಿದವರ ಪ್ರತೀಕಾರ ಅದೆಂಬುದು ಸಾಮಾನ್ಯ ಅಭಿಪ್ರಾಯ. ಸಲ್ಲೇಖನಕ್ಕೆ ಸಿದ್ಧರಾಗಿ, ಕ್ರಮಕ್ರಮವಾಗಿ ಆಹಾರವನ್ನು ಕುಗ್ಗಿಸಿ, ಬಂಧುಗಳಿಂದ ಕ್ಷಮೆ ಬೇಡಿ, ಶಾಂತಭಾವದಿಂದ ದೇಹ ಬಿಡುವ ಭಾಗ್ಯವು ಅವರಿಗೆ ಲಭಿಸಲಿಲ್ಲ. ಉಳಿದದ್ದು ಅತ್ಯಲ್ಪ ಕಾಲ.

ಮರಣಶಯ್ಯೆಯಲ್ಲಿದ್ದ ಹಳೆಯ ಸಂಗಾತಿಯನ್ನು ನೋಡಲು ಅರಸರು ಬಂದರು. ಮುಂದೆ ಪ್ರಧಾನ ಪದವಿಗೆ ತಕ್ಕವರು ಯಾರೆಂಬ ಪ್ರಶ್ನೆ ಹುಟ್ಟಿತು. ಜೈನರೊಬ್ಬರ ಹೆಸರನ್ನು ಅವರು ಹೇಳಬಹುದಾಗಿತ್ತು. ತಮ್ಮ ಕುಟುಂಬದವರ ಹಿತವನ್ನು ಕೇಳಿಕೊಳ್ಳಬಹುದಾಗಿತ್ತು. ತಮ್ಮನ್ನು ಕೊಂದವರ ಮೇಲೆ ಸೇಡು ತೀರಿಸಬೇಕೆಂದು ಬೇಡಬಹುದಾಗಿತ್ತು. ಚಿಕ್ಕದೇವರಾಜರು ಅದನ್ನು ನಡೆಸಿಕೊಡುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ. ಪಂಡಿತರು ಸೂಚಿಸಿದುದು ತಿರುಮಲಾರ್ಯರ ಹೆಸರನ್ನು. ಅನ್ಯಮತದವರು, ಆಸ್ಥಾನದಲ್ಲಿ ತಮ್ಮೊಡನೆ ಸಮಬಲರಾಗಿ ನಿಂತವರು. ಆದರೆ ಆ ಕೆಲಸಕ್ಕೆ ಎಲ್ಲರಿಗಿಂತ ಸಮರ್ಥರು, ಪ್ರಾಮಾಣಿಕರು. ಈ ಕೊನೆಯ ಸಲಹೆಯ ವಿಷಯದಲ್ಲಿ ವಿಲ್ಕ್ಸ್‌ನಿಂದ ಹಿಡಿದು ಎಲ್ಲರೂ ಏಕಾಭಿಪ್ರಾಯವುಳ್ಳವರಾಗಿದ್ದಾರೆ.

ಹದಿನಾಲ್ಕು ವರ್ಷಗಳ ಉಪದೇಶಗಳಲ್ಲಿ ಪಾಪದ ಸೋಂಕು ಎಷ್ಟಿತ್ತೋ ಹೇಳುವುದು ಕಷ್ಟ. ಈ ಒಂದು ಉಪದೇಶದಲ್ಲಿ ಮಾತ್ರ ಸೋಂಕಿಲ್ಲ. ಅದರಿಂದ ಅವರಿಗೆ ಬರಬೇಕಾದುದು ಯಾವುದೂ ಉಳಿದಿರಲಿಲ್ಲ. ಹಂಗಳದಲ್ಲಿ ಪದವಿಯ ಮಾತನ್ನು ಪಡೆದುಕೊಂಡವರು, ಪದವ‍ಿಯನ್ನು ಬಿಡುವಾಗ ಅದನ್ನು ಅನ್ಯರಿಗೆ ಒಪ್ಪಿಸಿದರು. ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮೆ ಬೇಡುವಾಗ ಜೈನರು ಬಂಧುಗಳ ಮನೆಗೆ ಮೊದಲು ಹೋಗುತ್ತಾರೆ, ವೈರಿಗಳ ಮನೆಗೆ ಹೋಗುವವರು ಕಡಿಮೆ. ಅಂಥದರಲ್ಲಿ ಗಾಯದಿಂದ ರಕ್ತ ಹರಿಯುತ್ತಿರುವಾಗ ದ್ವೇಷದ ಮಾತಾಡದೆ ಯೋಗ್ಯತೆಯೊಂದನ್ನೇ ನೋಡಿದುದು ಬೆಳಗೊಳದ ಅಭಿಷೇಕಕ್ಕಿಂತಲೂ ಹಿರಿದಾದ ಕಾರ್ಯವೆಂದರೆ ಅತಿಶಯೋಕ್ತಿಯಾಗಲಾರದು. ಬೆಳಗೊಳದಲ್ಲಿ ಸಾವಿರಾರು ಜನ ನೋಡುತ್ತಿದ್ದರು.

ಅರಸರು ಆ ಸಲಹೆಯಂತೆ ನಡೆದರು. ತಿರುಮಲಾರ್ಯರು ಪ್ರಧಾನರಾದ ಮರುವರ್ಷವೇ, ೧೬೮೭ರಲ್ಲಿ, ಮೂರು ಲಕ್ಷ ರೂಪಾಯಿಗಳಿಗೆ ಬೆಂಗಳೂರು ಮೈಸೂರಿನ ಕೈಸೇರಿತು. ಕೂಡಿಸಿಟ್ಟ ಬೊಕ್ಕಸವು ಯುದ್ಧವಿಲ್ಲದೆ ಒಂದು ನಗರವನ್ನು ಕೊಂಡುಕೊಳ್ಳಲು ಆಗ ನೆರವಾಯಿತು. ಅರಸರ ಒಲವು ಶ್ರೀವೈಷ್ಣವ ಮತದ ಕಡೆಗೆ ಗಟ್ಟಿಯಾಯಿತು. ಹಾಗಾದರೂ ಬೆಳಗೊಳವನ್ನು ಅವರು ಮರೆಯಲಿಲ್ಲ. ಟಂಕಸಾಲೆಯ ಅಧಿಕಾರಿಯಾಗಿದ್ದ ಅಣ್ಣಯ್ಯನ ಬಿನ್ನಹದಂತೆ ಊರ ನಡುವಿನ ಕಲ್ಯಾಣಿಯನ್ನು ಕಟ್ಟಿಸಲು ಚಿಕ್ಕದೇವರಾಜರು ಅಪ್ಪಣೆ ಮಾಡಿದರೆಂದು ಅದೇ ಅನಂತಕವಿಯು ಹೇಳುತ್ತಾನೆ. ಕೆಲಸ ಮುಗಿಯುವ ಮೊದಲೇ, ೧೭೦೪ರಲ್ಲಿ, ಅರಸರು ತೀರಿಕೊಂಡರು. ಅವರ ಮೊಮ್ಮಗ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಣ್ಣಯ್ಯನು ಸೋಪಾನಗಳನ್ನೂ ಗೋಪುರಗಳನ್ನೂ ಪೂರೈಸಿದನು. ವಿಂಧ್ಯಗಿರಿಯನ್ನು ಹತ್ತುವ ಯಾತ್ರಿಕರು ಹಿಂದಿರುಗಿ ನೋಡಿದಾಗ ಕೆಳಗೆ ಮೊದಲು ಕಾಣುವುದು ಆ ಕಲ್ಯಾಣಿಯ ನೀರು.